ಮುರ್ಗಾಬ್‌ನಲ್ಲಿ ಮೂರು ಕಾಲಂ

ಬೆರಳು ಕೊಡಮ್ಮ, ಸೂಜಿಯಿಲ್ಲ ಇದಕ್ಕೆ, ಅಂದೆ.
ಬರೀ ಬೆಳಕು. ಬಟ್ಟೆ ಒಣಹಾಕುವ ಕ್ಲಿಪ್ಪಿನಂಥದು
ಉಗುರು ಕಚ್ಚಿ, ಮಾಂಸ ತೂರಿ,
ಆಚೆ ದಡ ಮುಟ್ಟಿದ್ದೆಷ್ಟೆಂದು ಎಣಿಸುತ್ತದೆ.
ಮುಟ್ಟದೇ ಹೋದದ್ದು ರಕ್ತದ ಲೆಕ್ಕಕ್ಕೆ.

ಬುರುಲ್‌ಕಾನ್ ಕೈಗವಸು ಕಳಚಿದಳು.
ನಸುಕಿನಿಂದ ಯಾಕ್ ಹಾಲು ಹಿಂಡಿದ ಬೆರಳು
ಹೊರಗಿನ ಕೊಳಾಯಿಯಷ್ಟೇ ತಣ್ಣಗೆ.
ಯಂತ್ರ ತಡಕಿತು, ತಡಕಿತು,
ಎರಡು ಗೀಟು ಎಳೆದು ಸುಮ್ಮನಾಯಿತು.
ನಾಡಿಯೇ ಇಲ್ಲವಂತೆ.
'ಹಾಗಾದರೆ ನಾಳೆ ಹಾಲು ಕರೆಯುವವರು ಯಾರು?' ಅಂದಳು.
ಬೆಂಚಿನ ಹೆಂಗಸರೆಲ್ಲ ನಕ್ಕರು.

ಉಪ್ಪು ಚಹದ ಬಟ್ಟಲು ಎರಡೂ ಕೈಗೆ ಹಿಡಿಸಿದೆ.
ಹನ್ನೊಂದು ಚಿಲ್ಲರೆ.
ಇನ್ನೊಂದು ಬಟ್ಟಲು. ಹದಿಮೂರೂವರೆ.
ಚಹದಿಂದ ರಕ್ತ ಏರುವುದಾದರೆ
ಈ ಊರಲ್ಲಿ ಒಬ್ಬರೂ ಬಿಳಿಚಿಕೊಳ್ಳಬಾರದಿತ್ತು.

ಸೂಲಗಿತ್ತಿ ತೊಕ್ತೊಬೂಬೂ ಹೆಬ್ಬೆರಳಿಂದ
ಅವಳ ಕೆಳರೆಪ್ಪೆ ಎಳೆದು ನೋಡಿ, 'ಕಡಿಮೆ,
ಗಾಬರಿಯಷ್ಟಲ್ಲ' ಅಂದಳು.
ಅದಕ್ಕೊಂದು ಕಾಲಂ.
ಬೆಳಕಿಗೊಂದು. ಕೊನೆಯದು ಸೂಜಿಗೆ.
ಜನರೇಟರು ಕೆಮ್ಮಿ ಕೆಮ್ಮಿ ಹೇಳಿತು: ಹನ್ನೆರಡು.
ಅದರಲ್ಲೂ ಆಕಾಶದ ಸುಂಕ ಕಳೆಯಬೇಕು,
ಇಷ್ಟು ಎತ್ತರದಲ್ಲಿ ಉಸಿರಾಡುವುದಕ್ಕೆ.
ಹತ್ತರ ಸುತ್ತಮುತ್ತ ಉಳಿಯಿತು.
ಹೆಬ್ಬೆರಳು ಗೆದ್ದಿತ್ತು.

ಆಮೇಲೆ ಐಜಿರೆಕ್. ಏಳು ತಿಂಗಳು.
ತೊಕ್ತೊಬೂಬೂಳ ಸೊಸೆ.
ರೆಪ್ಪೆ ಎಳೆದು, ಬೇಗ ಬಿಟ್ಟು,
'ಚೆನ್ನಾಗಿದ್ದಾಳೆ.'
ಎಂಟು ಎಂದ ಕ್ಲಿಪ್ಪನ್ನು ನಾನೇ ನಂಬಲಿಲ್ಲ,
ಬೆರಳು ಬದಲಿಸಿದೆ, ಬ್ಯಾಟರಿ ಬದಲಿಸಿದೆ.
ಸೂಜಿಯೂ ಎಂಟೇ ಅಂದಿತು.

ದುಶಾಂಬೆಯಲ್ಲಿ ದೊಡ್ಡವರು ಕೂಡಿ ಭಾಗಿಸುತ್ತಾರೆ.
ಇಲ್ಲಿ ಒಂದೂವರೆ ಹೆಚ್ಚು, ಅಲ್ಲಿ ಒಂದೂವರೆ ಕಡಿಮೆ,
ಸರಾಸರಿ ನೋಡಿದರೆ ಯಂತ್ರ ಸರಿ ಅನ್ನುತ್ತಾರೆ.
ಸರಾಸರಿಗೆ ಹೆರಿಗೆ ಆಗುವುದಿಲ್ಲ.
ಇನ್ನು, ಸಾರು ತೆಳುವೋ ಗಟ್ಟಿಯೋ ಹೇಳಿಯೇವು,
ಪಾತ್ರೆಯಲ್ಲಿ ಒಟ್ಟು ಎಷ್ಟಿದೆ?
ಬಸುರಿಯ ಮೈ ತಾನೇ ನೀರು ಬೆರೆಸಿಕೊಳ್ಳುತ್ತದೆ.
ಅದಕ್ಕೆ ನನ್ನ ಹಾಳೆಯಲ್ಲಿ ಕಾಲಮ್ಮಿಲ್ಲ.

ಸಂಜೆ ತೊಕ್ತೊಬೂಬೂ ಕನ್ನಡಕ ಹಾಕಿ ಬಂದಳು.
ಸಾಲುಗಳ ಮೇಲೆ ಬೆರಳಾಡಿಸುತ್ತ
ಸೊಸೆಯ ಹೆಸರಲ್ಲಿ ನಿಂತಳು.
'ನಾನು ಹೇಳಿದ್ದನ್ನೇ ಬರೆದಿದ್ದೀಯ.'
ಹೌದಮ್ಮ.
'ಹೊಡೆದುಹಾಕಬಹುದೇ?'
ಇಲ್ಲ, ಅಂದೆ.
ತಲೆಯಾಡಿಸಿದಳು. ಕಬ್ಬಿಣದ ಮಾತ್ರೆಯ ಡಬ್ಬಿ
ಎರಡು ಕೇಳಿ ಪಡೆದು, ಹೆಬ್ಬೆರಳನ್ನು
ಲಂಗಕ್ಕೆ ಒರೆಸಿಕೊಳ್ಳುತ್ತ ಹೋದಳು.