ಅಜ್ಜಿಯ ಮನೆ ಮುಂದಿನ ಸಮುದ್ರ

ಹನ್ನೊಂದು ಕಂಪ್ಯೂಟರು ಬಂದವು ನಮ್ಮ ಶಾಲೆಗೆ
ನರಿನ್ ಪಟ್ಟಣದಿಂದ, ಕುರಿ ಸಾಗಿಸುವ ಲಾರಿಯಲ್ಲಿ,
ಹಿಮ ಬಿದ್ದು ಕಣಿವೆಯ ದಾರಿ ಮುಚ್ಚುವುದಕ್ಕೆ ಎರಡೇ ದಿನ ಮುಂಚೆ.
ಪೆಟ್ಟಿಗೆ ಬಿಚ್ಚಿದರೆ ಉಣ್ಣೆಯ ವಾಸನೆ.
ಜವಾನ ಷರ್ಷೆನ್ ಒಂದೊಂದನ್ನೂ
ಆಗತಾನೆ ಹುಟ್ಟಿದ ಮರಿಯ ಹಾಗೆ
ಎದೆಗವಚಿ ಒಳಗೆ ತಂದ.

ಇಲಿಗೆ ಇಲಿಯೆಂದೇ ಹೆಸರು ನಮ್ಮ ಕಿರ್ಗಿಜ್ ಮಾತಿನಲ್ಲೂ.
ಮಕ್ಕಳು ನಕ್ಕೂ ನಕ್ಕೂ ಬಾಲ ಹಿಡಿದೆಳೆದರು.
ಜನವರಿಯಲ್ಲಿ ನಿಜದ ಇಲಿ ಬಂದು
ಗೋಡೆಯಂಚಿನ ತಂತಿ ಕಡಿದು ಹೋಯಿತು.
ರಿಪೇರಿಯವನು ಬರಲು ಮೂರು ವಾರ.
ಅಷ್ಟು ದಿನ ನನ್ನ ಸೀಮೆಸುಣ್ಣಕ್ಕೆ ಮರ್ಯಾದೆ ಮರಳಿತ್ತು.
ಸುಳ್ಳೇಕೆ, ಆ ಇಲಿಗೆಂದು ಮೂಲೆಯಲ್ಲಿ
ಒಂದು ಚೂರು ರೊಟ್ಟಿ ಇಟ್ಟದ್ದುಂಟು ನಾನು.

ಆದರೆ ತೋಲೋನ್ ಇದ್ದಾನಲ್ಲ, ಕೊನೆಯ ಬೆಂಚಿನವನು,
ಮೊದಲಕ್ಷರದ ಹೊಸ್ತಿಲಲ್ಲೇ ಎಡವಿ ಬೀಳುವ ನಾಲಿಗೆಯವನು,
ಐದು ವರ್ಷ ನನ್ನ ಯಾವ ಪ್ರಶ್ನೆಗೂ ಕೈಯೆತ್ತದವನು,
ಕೀಲಿಗಳ ಮೇಲೆ ಅವನ ಬೆರಳು
ಕಟ್ಟು ಬಿಚ್ಚಿದ ಕುದುರೆ.
ಒಂದು ಮಧ್ಯಾಹ್ನ ನನ್ನ ಪರದೆಯ ಮೇಲೆ ಅವನ ಸಾಲು:
'ಹೋದ ವರ್ಷ ಹಲಗೆಯ ಮೇಲೆ ನೀವು ಮಾಡಿದ
ನೀರಿನ ತೊಟ್ಟಿಯ ಲೆಕ್ಕ ತಪ್ಪು.
ನನಗೆ ಆಗಲೇ ಗೊತ್ತಿತ್ತು.
ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು.'
ಹಳೆಯ ವಹಿ ತೆಗೆದು ನೋಡಿದೆ.
ತಪ್ಪೇ.
ಎಷ್ಟು ಗಂಟೆ ಹೊಡೆದಿದ್ದೆವೋ ಆ ಹುಡುಗನ ಮೇಲೆ.

ಮರುವಾರದ ಪ್ರಬಂಧ, 'ನನ್ನ ಅಜ್ಜಿ'.
ಅಕಿಲಾಯ್ ತಂದದ್ದು ಎರಡು ಪುಟ, ಅಚ್ಚಾಗಿ,
ಒಂದೂ ಕಾಗುಣಿತದ ತಪ್ಪಿಲ್ಲ.
ಅದರಲ್ಲಿ ಅಜ್ಜಿ ಸಂಜೆ ಹೊತ್ತು
ಮನೆ ಮುಂದಿನ ಸಮುದ್ರದ ದಂಡೆಗೆ ಹೋಗಿ
ಕಪ್ಪೆಚಿಪ್ಪು ಆರಿಸುತ್ತಾಳೆ,
ನಿಂಬೆಗಿಡಕ್ಕೆ ನೀರು, ಬೆಕ್ಕಿಗೆ ಮೀನು.
ನಮ್ಮೂರಿಂದ ಯಾವ ದಿಕ್ಕಿಗೆ ನಡೆದರೂ
ಸಮುದ್ರ ಸಿಗುವ ಮೊದಲು ಹತ್ತು ಜೊತೆ ಬೂಟು ಸವೆಯಬೇಕು.
ಅವಳ ಅಜ್ಜಿ ಕಾಲಿಚಾ ನನಗೆ ಗೊತ್ತು:
ಎಡಗೈಯ ಎರಡು ಬೆರಳು ಹಿಮಕ್ಕೆ ಕೊಟ್ಟವಳು,
ಉಳಿದ ಎಂಟರಲ್ಲಿ ಉಣ್ಣೆಯ ಹಾಸು ಹೊಲಿಯುವವಳು,
ನಿದ್ದೆಯಲ್ಲೂ ಆಡುಗಳನ್ನು
ಹೆಸರು ಹಿಡಿದು ಬಯ್ಯುವವಳು.

'ಇವಳು ಯಾರ ಅಜ್ಜಿ?' ಎಂದೆ.
ಹುಡುಗಿ ಕಿವಿಯ ತುದಿಯವರೆಗೂ ಕೆಂಪಾದಳು.
'ನಮ್ಮಜ್ಜಿಯ ಹೆಸರು ಹಾಕಿ ಹುಡುಕಿದೆ.
ಏನೂ ಸಿಗಲಿಲ್ಲ.'

ಬಯ್ಯಲು ತೆರೆದ ಬಾಯಿ ಹಾಗೇ ಉಳಿಯಿತು.
ಹೊರಗೆ ಗಾಳಿ ತಗಡಿನ ಸೂರನ್ನು ಎತ್ತಿ ಎತ್ತಿ ಇಡುತ್ತಿತ್ತು.
'ಹಾಗಾದರೆ ಸಿಗುವ ಹಾಗೆ ಬರೆ' ಎಂದೆ.
ಕೂತಳು. ಅರ್ಧ ಪುಟವಾಗಿತ್ತೋ ಏನೋ,
ಕರೆಂಟು ಹೋಯಿತು.
ಹನ್ನೊಂದು ಪರದೆ ಒಟ್ಟಿಗೇ ಕಪ್ಪು,
ಒಂದೊಂದರಲ್ಲೂ ಒಂದೊಂದು ಮಗುವಿನ ಮುಖ,
ಅರ್ಧ ಪುಟ ಯಾರಿಗೂ ಸಿಗದ ಕಡೆಗೆ.

ಮಾರನೆ ದಿನ ಚೌಕುಳಿ ಹಾಳೆಯಲ್ಲಿ ತಂದಳು, ಪೆನ್ಸಿಲಿನಲ್ಲಿ.
ಆಡುಗಳ ಹೆಸರೇ ಆರು ಸಾಲು,
ಕಾಗುಣಿತದ ತಪ್ಪು ಹದಿನೇಳು,
ಅಂಚಿನಲ್ಲಿ ಕೊಬ್ಬಿನ ಒಂದು ಬೆರಳಚ್ಚು.
'ಅಜ್ಜಿಗೆ ಓದಿ ಹೇಳಿದೆ' ಎಂದಳು.
'ಬೆರಳು ಹೋದದ್ದು ಬಲಗೈಯಲ್ಲಿ, ಎಡಗೈಯಲ್ಲಲ್ಲವಂತೆ,
ನಿಮ್ಮ ಟೀಚರಿಗೆ ಹೇಳು ಅಂದಳು.'

ಕೊನೆಯ ಬೆಂಚಿನಲ್ಲಿ ತೋಲೋನ್ ನಕ್ಕ.
ನಗುವಾಗ ತೊದಲುವುದಿಲ್ಲ ಅವನು.

'ಆಮೇಲೆ ಆ ಸಮುದ್ರದ ಪ್ರಬಂಧವನ್ನೂ ಓದಿಸಿಕೊಂಡಳು,
ಎರಡು ಸಲ.
ಆ ಅಜ್ಜಿಗೆ ಆಡು ಎಷ್ಟಿವೆ,
ಹುಡುಕಿ ಬಾ ಅಂದಿದ್ದಾಳೆ.
ಕರೆಂಟು ಇದೆಯಾ ಇವತ್ತು?'