ಆರನೆಯ ದಿನ

ಕತೆಯ ಮುದುಕಿ ದಿನಕ್ಕೊಂದು ಕುರಿದೊಗಲಂಗಿ ಕಳಚುವ
ಮಾರ್ಚ್ ತಿಂಗಳ ಮೊದಲ ಒಂಬತ್ತು ದಿನ.
ಒಂದನ್ನು ಆರಿಸಿಕೋ, ಅಂದಳು ಅತ್ತೆ ವೆತೂರಿಯಾ,
ಅವತ್ತಿನ ಹವೆಯೇ ನಿನ್ನ ಗುಣ.
ಬಯಲಿನಿಂದ ಮರಮುರೇಶ್ ಬೆಟ್ಟಕ್ಕೆ ಬಂದ ಹೊಸಬಳು,
ಆರು ಅಂದೆ, ಸುಮ್ಮನೆ.

ಬೆಳಿಗ್ಗೆ ಬಿಸಿಲು. ಸೂರಿನ ಹಿಮದ ಕೋಲುಗಳು ತೊಟತೊಟ.
ಕಂಬಳಿ ಬೇಲಿಗೆ ಹರವಿದೆ.
ಹತ್ತಕ್ಕೆ ಆಲಿಕಲ್ಲು, ಒಳಗೆಳೆದೆ.
ಮತ್ತೆ ಬಿಸಿಲು, ಮತ್ತೆ ಹರವಿದೆ.
ಊಟದ ಹೊತ್ತಿಗೆ ಹಿಮ,
ಪ್ಲಮ್ ಮೊಗ್ಗಿನ ಮೇಲೆ ಹಿಟ್ಟು ಜರಡಿ ಹಿಡಿದಂತೆ.
ಎದುರು ಗುಡ್ಡದಲ್ಲಿ ಮಾತ್ರ ಬಿಸಿಲು:
ಇಲಾರಿಯೆಯ ಕುರಿಗಳು ಅದನ್ನೇ ಮೇಯುತ್ತಿದ್ದವು.

ನಾಲ್ಕನೇ ಸಲ ಓಡಿಬರುವಾಗ
ಕಿಟಕಿಯಲ್ಲಿ ಅತ್ತೆ, ಹೊಟ್ಟೆ ಹಿಡಿದುಕೊಂಡು:
"ಆಹಾ, ನೀನೇ! ತಪ್ಪದೆ ನೀನೇ!"
ನನಗೂ ನಗು ತಡೆಯದು.
ಕಂಬಳಿ ಕೊಡವಿದರೆ
ಮಡಿಕೆಯಲ್ಲೊಂದು ಜೇನುಹುಳ, ನೆನೆದ ರೆಕ್ಕೆ ಒರೆಸುತ್ತ,
ಹೊರಗೆ ಹೋಗಲೋ ಬೇಡವೋ ಎಂದು.