ಕಾಟಾದ ಮೇಲೆ ಡ್ರ್ಯಾಗನ್

ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿ
ಬೇಳೆ ಮಿಲ್ಲಿನ ಗೇಟಿನ ಪಕ್ಕ ನನ್ನ ಗಾಜಿನ ಗೂಡು.
ರಾತ್ರಿ ಹತ್ತರಿಂದ ಬೆಳಗಿನ ಆರರ ತನಕ
ಲಾರಿಗಳನ್ನು ತೂಗುತ್ತೇನೆ:
ತುಂಬಿದ್ದು, ಖಾಲಿಯಾದದ್ದು, ನಡುವಿನ ವ್ಯತ್ಯಾಸ.
ಚೀಟಿ ಹರಿದು ಕೊಟ್ಟರೆ ಮುಗಿಯಿತು.
ಉಳಿದ ಹೊತ್ತೆಲ್ಲ
ತೊಗರಿ ಧೂಳು ಕೂತ ಮೊಬೈಲಿನಲ್ಲಿ
ಡ್ರ್ಯಾಗನ್ ಸಾಕುತ್ತೇನೆ.

ಅವ್ವ ಒಮ್ಮೆ ಇಣುಕಿದಳು.
"ಏನವ್ವಾ ಇದು, ರೆಕ್ಕಿ ಬಂದ ಉಡ?"
ಬೆಂಕಿ ಉಗುಳತದ, ಅಂದೆ.
"ಬ್ಯಾಸಗ್ಯಾಗ ನಮ್ಮೂರಾಗ ಯಾರು ಉಗುಳಂಗಿಲ್ಲ ಹೇಳು,"
ಅಂದು ಸೆರಗಿನಿಂದ ಗಾಳಿ ಹಾಕಿಕೊಂಡಳು.

ಮೊದಲ ಡೆಕ್ಕು ದುರಾಸೆಯದು.
ಮೂವತ್ತು ಕಾರ್ಡಿನಲ್ಲಿ ಹದಿನೆಂಟು ಡ್ರ್ಯಾಗನ್,
ಒಂದಕ್ಕಿಂತ ಒಂದು ಸಿಟ್ಟಿನದು.
ಸರದಿಗೆ ಒಂದೇ ಕಿಡಿ ಹೆಚ್ಚುವ ಆಟದಲ್ಲಿ
ಎಂಟು ಕಿಡಿ, ಒಂಬತ್ತು ಕಿಡಿ ಕೇಳುವ ಧಣಿಗಳು
ಕೈತುಂಬ ಬೀಸಣಿಗೆಯಂತೆ ಬಿಚ್ಚಿಕೊಂಡು ಕೂತವು.
ಅಷ್ಟರಲ್ಲಿ ದಸ್ತಗೀರನ ಇಲಿಗಳು ಬಂದವು.

ದಸ್ತಗೀರ ಚಿಂಚೋಳಿ ಕಡೆಯ ಡ್ರೈವರು,
ಸಾಲಿನಲ್ಲಿ ನಿಂತು, ಸ್ಟಿಯರಿಂಗಿಗೆ ಮೊಬೈಲು ಒರಗಿಸಿ ಆಡುವವನು.
ಅವನವು ಒಂದು ಕಿಡಿಯ, ಎರಡು ಕಿಡಿಯ
ಹಲ್ಲುಬ್ಬಿನ ಬಡವರು.
ಐದನೆಯ ಸರದಿಗೆ ನನ್ನ ಕೋಟೆ ಹರಕು ಚೀಲದಂತೆ ಸೋರಿತು.
"ಅಕ್ಕಾ, ನಿನ್ನ ಹಾವು ಇನ್ನಾ ನಿದ್ದಿ ಮಾಡ್ಲತ್ತಾವೇನು?"

ಕಾಟಾದಿಂದಲೇ ಕಲಿತೆ ಕೊನೆಗೆ:
ಹದಿನಾರು ಗಾಲಿಯದು ಏರಬೇಕಾದರೆ
ಮುಂದಿನ ಟಂಟಂ, ಟ್ರ್ಯಾಕ್ಟರು ಇಳಿದಿರಬೇಕು.
ಹದಿನೆಂಟನ್ನು ಏಳಕ್ಕಿಳಿಸಿದೆ.
ಮೊಟ್ಟೆ ಕಾಯುವ ಮುದುಕಿ ಬಂದಳು, ಎರಡು ಕಿಡಿ,
ಒಂದೇ ಏಟಿಗೆ ಸಾಯುತ್ತಾಳೆ, ಮೊಟ್ಟೆಯನ್ನು ಬಿಟ್ಟು.
ಹೊಗೆಯ ಗೋಡೆ ಬಂತು. ಇವತ್ತು ಕಿಡಿ ಸಾಲ ಕೊಟ್ಟು
ನಾಳೆ ಎರಡು ಕಿತ್ತುಕೊಳ್ಳುವ ಕಂಚುಗಾರ ಬಂದ.
ಬಂಗಾರದ ಅಂಚಿನದನ್ನು ತೆಗೆಯುವಾಗ ಮಾತ್ರ
ಬೆರಳು ಮೂರು ಸಲ ಹಿಂದಕ್ಕೆ ಬಂತು.
ಅದು ನನ್ನ ಮೊದಲನೆಯದು.
ಸಿಕ್ಕ ರಾತ್ರಿ ಕರೆಂಟು ಹೋಗಿ
ಇಡೀ ಗೂಡಿಗೆ ಅದೊಂದೇ ಬೆಳಕು.
ಚೆಂದ ಇತ್ತು. ಗೆಲ್ಲಿಸುತ್ತಿರಲಿಲ್ಲ.
ತೆಗೆದೆ.

ನಿನ್ನೆ ಮೂರು ಗಂಟೆ. ಸಾಲಿನಲ್ಲಿ ದಸ್ತಗೀರ ಎರಡನೆಯವನು.
ಎಂಟನೆಯ ಸರದಿಗೆ ಕೆಂಪು ತಾಯಿ ಇಳಿದಳು,
ಪರದೆಯೆಲ್ಲ ಹೊಗೆ, ಇಲಿಗಳಲ್ಲಿ ಮೂರು ಉಳಿದವು.
ಇನ್ನೊಂದು ಸರದಿ ಸಿಕ್ಕರೆ ನಾನು ಗೆದ್ದಂತೆ.
ಅವನ ಬತ್ತಿ ಉರಿಯುತ್ತಿತ್ತು,
ಅವನ ಮುಂದಿನ ಲಾರಿ ಕಾಟಾ ಇಳಿಯಿತು.

ನನ್ನ ಮೇಜಿನ ಮೇಲೆ ಹಸಿರು ಗುಂಡಿ.
ಒತ್ತಿದರೆ ಅವನು ಮೊಬೈಲು ಬಿಡಬೇಕು, ಗೇರು ಹಾಕಬೇಕು,
ಬತ್ತಿ ತಾನೇ ತೀರಿಹೋಗುತ್ತದೆ.
ಕೆಲಸದ ನಿಯಮದಂತೆ ಒತ್ತುವುದೇ ಸರಿ.
ಹಿಂದಿನವನು ಹಾರನ್ನು ಹೊಡೆದ.
ಒಮ್ಮೆ. ಉದ್ದಕ್ಕೆ ಇನ್ನೊಮ್ಮೆ.
ಬೆರಳು ಗುಂಡಿಯ ಮೇಲಿತ್ತು, ಗುಂಡಿ ಬೆಚ್ಚಗಿತ್ತು.

ಕೆಂಪು ದೀಪ ಹಾಗೇ ಇಟ್ಟೆ.

ಗಾಜಿನಾಚೆ ಅವನ ಗಡ್ಡಕ್ಕೆ ನೀಲಿ ಬೆಳಕು.
ತಲೆ ಕೆರೆದ. ಒಂದು ಕಾರ್ಡು ಇಳಿಸಿದ:
ಪ್ರತಿ ಇಲಿಯೂ ಎರಡು ಸಲ ಕಚ್ಚಬಹುದು.
ನನಗೆ ಉಳಿದಿದ್ದು ಆರು ಉಸಿರು.
ಕೆಂಪು ತಾಯಿ ರೆಕ್ಕೆ ಬಿಚ್ಚಿಕೊಂಡೇ
ನೋಡುತ್ತ ನಿಂತಳು.

ಆಮೇಲೆ ಹಸಿರು. ಲಾರಿ ಏರಿತು, ಗಾಜು ಅದುರಿತು.
ಇಪ್ಪತ್ತೈದು ಟನ್ನು, ಮುನ್ನೂರ ನಲವತ್ತು ಕಿಲೋ.
"ಲೈಟು ಭಾಳ ತಡಾ ಆತಲ್ಲಕ್ಕಾ?"
ಗುಂಡಿ ಕೆಟ್ಟದ, ಅಂದೆ.
ಅವನು ನಗಲಿಲ್ಲ. ಚೀಟಿ ಮಡಚಿ ಕಿಸೆಗಿಟ್ಟ.
"ರಿಪೇರಿ ಮಾಡಸಬ್ಯಾಡ," ಅಂದ.

ಅವನ ಖಾಲಿ ಲಾರಿ ವಾಪಸು ಬರುವುದರೊಳಗೆ
ಡೆಕ್ಕು ತೆರೆದು ಕಂಚುಗಾರನನ್ನು ಕಳಿಸಿದೆ.
ಇಪ್ಪತ್ತೊಂಬತ್ತು, ಅನ್ನುತ್ತದೆ ಪರದೆ.
ಪೆಟ್ಟಿಗೆಯ ತಳದಲ್ಲೆಲ್ಲೋ
ಬಂಗಾರದ ಅಂಚು.